ಗ್ರಂಥದ ಬೆಲೆ, ಬಿಡುಗಡೆಯ ವೇಳೆ: ಓಲೆಗರಿಯಿಂದ ಇ-ಪುಸ್ತಕದವರೆಗೆ

ಹೊಸ ಪುಸ್ತಕವೊಂದು ಮುದ್ರಣಗೊಂಡು ಅಂಗಡಿಗೆ ಬಂದ ದಿನವೇ ಅದರ ಇ-ಪುಸ್ತಕವೂ ಓದುಗನಿಗೆ ದೊರೆಯಬೇಕೆ, ಅಥವಾ ಮುದ್ರಿತ ಪ್ರತಿಗಳು ಒಂದಷ್ಟು ಮಾರಾಟವಾಗುವವರೆಗೆ ಅದನ್ನು ತಡೆಹಿಡಿಯಬೇಕೆ? ಕಾಗದ, ಅಚ್ಚು, ರಟ್ಟು, ಸಾಗಣೆ ಯಾವುದೂ ಇಲ್ಲದ ಇ-ಪುಸ್ತಕಕ್ಕೆ ಮುದ್ರಿತ ಪ್ರತಿಯಷ್ಟೇ ಬೆಲೆ ಕೇಳುವುದು ನ್ಯಾಯವೆ? ಕಳೆದ ಒಂದೂವರೆ ದಶಕದಲ್ಲಿ ಪ್ರಕಾಶಕರೂ ಲೇಖಕರೂ ಗ್ರಂಥಪಾಲಕರೂ ಈ ಎರಡು ಪ್ರಶ್ನೆಗಳನ್ನು ಮತ್ತೆ ಮತ್ತೆ ಎತ್ತಿದ್ದಾರೆ. ಅಮೆರಿಕೆಯಲ್ಲಿ ಇವು ನ್ಯಾಯಾಲಯದ ಮೆಟ್ಟಿಲನ್ನೂ ಏರಿದವು. ಆದರೆ ಈ ಪ್ರಶ್ನೆಗಳನ್ನು ಹೊಸ ಯಂತ್ರದೊಡನೆ ಹುಟ್ಟಿದವೆಂದು ಭಾವಿಸುವುದು ಸರಿಯಲ್ಲ. ಗ್ರಂಥವು ಯಾರಿಗೆ, ಯಾವಾಗ, ಎಷ್ಟಕ್ಕೆ ದೊರೆಯಬೇಕೆಂಬ ಚರ್ಚೆಗೆ ದೀರ್ಘವಾದ ಇತಿಹಾಸವಿದೆ. ಆ ಇತಿಹಾಸದ ಕೆಲವು ಮುಖ್ಯ ಘಟ್ಟಗಳು ನಮ್ಮ ಕನ್ನಡ ನೆಲಕ್ಕೂ ಜೈನ ಶಾಸ್ತ್ರಪರಂಪರೆಗೂ ಸೇರಿದವು. ಅವುಗಳನ್ನು ಪಾಶ್ಚಾತ್ಯ ಪ್ರಕಾಶನದ ಚರಿತ್ರೆಯೊಡನೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಪ್ರತಿ ಎಂಬ ಪರಿಶ್ರಮ

ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಆ ಕಾವ್ಯವು ಅವಳ ತಂದೆ ಮಲ್ಲಪ ಮತ್ತು ಅವನ ಸೋದರ ಪುನ್ನಮಯ್ಯರ ಪ್ರೇರಣೆಯಿಂದ ಹುಟ್ಟಿತು. ರನ್ನನು 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿದ್ದೂ ಅವಳ ಆಶ್ರಯದಲ್ಲಿಯೇ. ಈ ಸಂಗತಿಯನ್ನು ನಾವು ಸಾಮಾನ್ಯವಾಗಿ ದಾನದ ಮಹಿಮೆಯಾಗಿ ಓದಿ ಮುಂದೆ ಸಾಗುತ್ತೇವೆ. ಅದರ ಆರ್ಥಿಕ ಮಗ್ಗುಲನ್ನು ನಿಂತು ಗಮನಿಸುವುದು ಅಪರೂಪ.

ಓಲೆಗರಿಯ ಕಾಲದಲ್ಲಿ ಮೊದಲ ಪ್ರತಿಗೂ ಸಾವಿರದ ಪ್ರತಿಗೂ ತಗಲುವ ಶ್ರಮ ಒಂದೇ. ಗರಿಗಳನ್ನು ಹದಮಾಡಬೇಕು, ಕಂಠದಿಂದ ಅಕ್ಷರ ಕೊರೆಯಬೇಕು, ಮಸಿ ಬಳಿಯಬೇಕು, ಮೂಲದೊಡನೆ ಹೋಲಿಸಿ ತಿದ್ದಬೇಕು, ರಂಧ್ರದಲ್ಲಿ ದಾರ ಪೋಣಿಸಿ ಹಲಗೆಗಳ ನಡುವೆ ಕಟ್ಟಬೇಕು. ಸಾವಿರ ಪ್ರತಿಯೆಂದರೆ ಈ ಇಡೀ ಕೆಲಸವನ್ನು ಸಾವಿರ ಬಾರಿ ಮಾಡಿಸಬೇಕು. ಸಂಖ್ಯೆ ಹೆಚ್ಚಿದಂತೆ ಒಂದೊಂದು ಪ್ರತಿಯ ವೆಚ್ಚ ಕಡಿಮೆಯಾಗುವ ಮಾತು ಅಲ್ಲಿಲ್ಲ. ಆದುದರಿಂದಲೇ ಗ್ರಂಥಪ್ರಸಾರವು ವ್ಯಾಪಾರವಾಗದೆ ದಾನವಾಯಿತು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರಕ್ಕೆ ಸ್ಥಾನ ದೊರೆತುದರ ಹಿಂದೆ ಧರ್ಮಬುದ್ಧಿಯೊಡನೆ ಈ ಲೌಕಿಕ ವಾಸ್ತವವೂ ಇದೆ. ವೆಚ್ಚವನ್ನು ಓದುಗನ ಮೇಲೆ ಹೊರಿಸಿದರೆ ಓದುವವರೇ ಇರುವುದಿಲ್ಲ. ಉಳ್ಳವನೊಬ್ಬನು ಅದನ್ನು ಹೊರಬೇಕು.

ಮುದ್ರಣಯಂತ್ರವು ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಅಚ್ಚುಮೊಳೆ ಜೋಡಿಸಿ ಕರಡು ತಿದ್ದುವವರೆಗಿನ ವೆಚ್ಚವೆಲ್ಲ ಮೊದಲ ಪ್ರತಿಯ ಮೇಲೆ ಬೀಳುತ್ತದೆ. ಆಮೇಲಿನ ಪ್ರತಿಗಳಿಗೆ ಕಾಗದ, ಮಸಿ, ಕಟ್ಟುವಿಕೆಗಳ ವೆಚ್ಚ ಮಾತ್ರ. ಇ-ಪುಸ್ತಕವು ಇದೇ ದಾರಿಯಲ್ಲಿ ಕೊನೆಯ ಹೆಜ್ಜೆಯಿಟ್ಟಿದೆ. ಲೇಖಕನ ಶ್ರಮ, ಸಂಪಾದನೆ, ಕರಡು ತಿದ್ದುವಿಕೆ, ಪುಟವಿನ್ಯಾಸ ಇವೆಲ್ಲ ಹಾಗೆಯೇ ಉಳಿದಿವೆ. ಆದರೆ ಎರಡನೆಯ ಪ್ರತಿಯಿಂದ ಮುಂದಕ್ಕೆ ವೆಚ್ಚವು ಶೂನ್ಯಕ್ಕೆ ಸಮೀಪ. ಇ-ಪುಸ್ತಕ ಪುಕ್ಕಟೆಯಾಗಿರಬೇಕೆನ್ನುವವರು ಮೊದಲ ಪ್ರತಿಯ ವೆಚ್ಚವನ್ನು ಮರೆಯುತ್ತಾರೆ. ಅದು ಮುದ್ರಿತ ಪ್ರತಿಯಷ್ಟೇ ಬೆಲೆಬಾಳಬೇಕೆನ್ನುವವರು ಎರಡನೆಯ ಪ್ರತಿಯ ವೆಚ್ಚವನ್ನು ಮರೆಯುತ್ತಾರೆ. ವಾದವೆಲ್ಲ ಈ ಎರಡು ಮರೆವುಗಳ ನಡುವೆ ನಡೆಯುತ್ತಿದೆ.

ಮೂರು ಸಂಪುಟಗಳ ಕಾದಂಬರಿ

ವಿಳಂಬವನ್ನು ಬೆಲೆಯ ಸಾಧನವಾಗಿ ಬಳಸಿದ ಅತ್ಯಂತ ಸ್ಪಷ್ಟ ನಿದರ್ಶನವು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ದೊರೆಯುತ್ತದೆ. 1821ರಲ್ಲಿ ವಾಲ್ಟರ್ ಸ್ಕಾಟ್‌ನ ‘ಕೆನಿಲ್‌ವರ್ತ್’ ಮೂರು ಸಂಪುಟಗಳಲ್ಲಿ ಒಂದೂವರೆ ಗಿನಿ, ಅಂದರೆ 31 ಶಿಲಿಂಗ್ 6 ಪೆನ್ಸ್ ಬೆಲೆಗೆ ಪ್ರಕಟವಾಯಿತು. ಮುಂದೆ ಸುಮಾರು ಏಳು ದಶಕಗಳ ಕಾಲ ಹೊಸ ಕಾದಂಬರಿಗೆ ಅದೇ ಬೆಲೆ ರೂಢಿಯಾಗಿ ನಿಂತಿತು. ಸಾಮಾನ್ಯ ಕೂಲಿಕಾರನ ಒಂದು ವಾರದ ಗಳಿಕೆಗಿಂತ ಅದು ಹೆಚ್ಚು. ಅಷ್ಟು ತೆತ್ತು ಕೊಳ್ಳುವವರು ಯಾರು? ಖಾಸಗಿ ಚಂದಾ ಗ್ರಂಥಾಲಯಗಳು. ಚಾರ್ಲ್ಸ್ ಎಡ್ವರ್ಡ್ ಮೂಡಿ 1842ರಲ್ಲಿ ಆರಂಭಿಸಿದ ಗ್ರಂಥಾಲಯವು ಇವುಗಳಲ್ಲಿ ಅಗ್ರಗಣ್ಯ. ವರ್ಷಕ್ಕೆ ಒಂದು ಗಿನಿ ಚಂದಾ ಕೊಟ್ಟವರು ಒಂದು ಬಾರಿಗೆ ಒಂದು ಸಂಪುಟದಂತೆ ವರ್ಷವಿಡೀ ಓದಬಹುದಾಗಿತ್ತು. ಒಂದು ಕಾದಂಬರಿಯ ಬೆಲೆಗಿಂತ ಕಡಿಮೆ ಹಣಕ್ಕೆ ವರ್ಷದ ಓದು! ಕಾದಂಬರಿಯು ಮೂರು ಸಂಪುಟಗಳಾಗಿದ್ದುದರಿಂದ ಒಂದೇ ಕೃತಿಯನ್ನು ಒಂದೇ ವೇಳೆಯಲ್ಲಿ ಮೂವರು ಚಂದಾದಾರರಿಗೆ ಕೊಡುವ ಅನುಕೂಲವೂ ಗ್ರಂಥಾಲಯಕ್ಕಿತ್ತು.

ಈ ವ್ಯವಸ್ಥೆ ನಿಂತುದು ಕಾಲದ ಅಂತರದ ಮೇಲೆ. ಅಗ್ಗದ ಒಂದು ಸಂಪುಟದ ಆವೃತ್ತಿ, ಸಾಮಾನ್ಯವಾಗಿ 6 ಶಿಲಿಂಗಿನದು, ಒಂದು ವರ್ಷದ ಆಸುಪಾಸಿನಲ್ಲಿ ಬರುತ್ತಿತ್ತು. ಅಲ್ಲಿಯವರೆಗೆ ಗ್ರಂಥಾಲಯವು ತಾನು ಕೊಂಡ ಪ್ರತಿಗಳಿಂದ ಆದಾಯ ಪಡೆಯುತ್ತಿತ್ತು. ಆದರೆ ಪ್ರಕಾಶಕರು ಕಾಲಕ್ರಮದಲ್ಲಿ ಈ ಅಂತರವನ್ನು ಕಡಿಮೆ ಮಾಡುತ್ತ ಬಂದರು. ಅಗ್ಗದ ಆವೃತ್ತಿ ಬೇಗನೆ ಬಂದಾಗ ಮೂರು ಸಂಪುಟಗಳ ಹಳೆಯ ಪ್ರತಿಗಳು ಗ್ರಂಥಾಲಯದಲ್ಲಿ ರಾಶಿಬಿದ್ದವು. ಈ ನಡುವೆ ಜಾರ್ಜ್ ಮೂರ್‌ನಂತಹ ಲೇಖಕರು ಗ್ರಂಥಾಲಯಗಳು ಕೃತಿಗಳ ನೀತಿ-ಅನೀತಿಗಳನ್ನು ನಿರ್ಣಯಿಸುವುದರ ವಿರುದ್ಧ ಬಂಡೆದ್ದು, 1885ರಲ್ಲಿ ನೇರವಾಗಿ 6 ಶಿಲಿಂಗಿನ ಒಂದೇ ಸಂಪುಟದಲ್ಲಿ ಕಾದಂಬರಿಯನ್ನು ಹೊರತಂದರು. 1894ರ ಜೂನ್ ತಿಂಗಳಲ್ಲಿ ಮೂಡಿ ಮತ್ತು ಡಬ್ಲ್ಯು. ಎಚ್. ಸ್ಮಿತ್ ಗ್ರಂಥಾಲಯಗಳು ಪ್ರಕಾಶಕರ ಮುಂದೆ ಎರಡು ಷರತ್ತುಗಳನ್ನಿಟ್ಟವು: ಸಂಪುಟವೊಂದಕ್ಕೆ 4 ಶಿಲಿಂಗಿಗಿಂತ ಹೆಚ್ಚು ಕೊಡುವುದಿಲ್ಲ, ಅಗ್ಗದ ಆವೃತ್ತಿಯು ಒಂದು ವರ್ಷದೊಳಗೆ ಬರಕೂಡದು. ಪ್ರಕಾಶಕರು ಆರಿಸಿಕೊಂಡದ್ದು ಬೇರೆಯದೇ ದಾರಿ. ಅವರು ಮೂರು ಸಂಪುಟಗಳ ಪದ್ಧತಿಯನ್ನೇ ಕೈಬಿಟ್ಟು ಮೊದಲ ದಿನದಿಂದಲೇ 6 ಶಿಲಿಂಗಿನ ಪುಸ್ತಕ ಮಾರತೊಡಗಿದರು. 1897ರ ವೇಳೆಗೆ ಮೂರು ಸಂಪುಟಗಳ ಹೊಸ ಕಾದಂಬರಿಗಳು ಬೆರಳೆಣಿಕೆಗೆ ಇಳಿದಿದ್ದವು. ಏಳು ದಶಕಗಳ ರೂಢಿ ಮೂರೇ ವರ್ಷಗಳಲ್ಲಿ ಕುಸಿಯಿತು. ಅದರಿಂದ ಕಾದಂಬರಿಯಾಗಲಿ ಕಾದಂಬರಿಕಾರರಾಗಲಿ ನಾಶವಾಗಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಇದೇ ಪದ್ಧತಿ ಬೇರೆ ರೂಪದಲ್ಲಿ ಮುಂದುವರಿಯಿತು. 1935ರಲ್ಲಿ ಅಲೆನ್ ಲೇನ್ ಪೆಂಗ್ವಿನ್ ಮಾಲೆಯ ಮೊದಲ ಹತ್ತು ಪುಸ್ತಕಗಳನ್ನು ತಲಾ 6 ಪೆನ್ಸಿಗೆ ಹೊರತಂದರು. 1939ರಲ್ಲಿ ಅಮೆರಿಕೆಯಲ್ಲಿ ಪಾಕೆಟ್ ಬುಕ್ಸ್ 25 ಸೆಂಟಿನ ಪುಸ್ತಕಗಳನ್ನು ಆರಂಭಿಸಿತು. ಮೊದಲು ಗಟ್ಟಿರಟ್ಟಿನ ದುಬಾರಿ ಆವೃತ್ತಿ, ಸುಮಾರು ಒಂದು ವರ್ಷದ ಬಳಿಕ ಮೆದುರಟ್ಟಿನ ಅಗ್ಗದ ಆವೃತ್ತಿ ಎಂಬ ಕ್ರಮವು ಇಂಗ್ಲಿಷ್ ಪ್ರಕಾಶನದಲ್ಲಿ ನೆಲೆಯೂರಿತು. ಇದರ ತರ್ಕ ಸರಳ. ಕಾಯಲಾರದವನು ಹೆಚ್ಚು ತೆರುತ್ತಾನೆ, ಕಾಯಬಲ್ಲವನು ಕಡಿಮೆ ತೆರುತ್ತಾನೆ. ಇಲ್ಲಿ ಮಾರಾಟವಾಗುವುದು ಕೃತಿಯೊಂದೇ ಅಲ್ಲ, ಕಾಲವೂ ಹೌದು.

9.99 ಡಾಲರಿನ ಕದನ

2007ರ ನವೆಂಬರಿನಲ್ಲಿ ಅಮೆಜಾನ್ ಸಂಸ್ಥೆಯು ಕಿಂಡಲ್ ಎಂಬ ಓದುಯಂತ್ರವನ್ನು ಬಿಡುಗಡೆ ಮಾಡಿ, ಹೊಸ ಜನಪ್ರಿಯ ಪುಸ್ತಕಗಳ ಇ-ಪ್ರತಿಗಳಿಗೆ 9.99 ಡಾಲರ್ ಬೆಲೆ ಘೋಷಿಸಿದಾಗ ಈ ತರ್ಕಕ್ಕೆ ಪೆಟ್ಟುಬಿತ್ತು. ಅಂದಿನ ಸಗಟು ಪದ್ಧತಿಯನ್ನು ಒಂದು ಉದಾಹರಣೆಯಿಂದ ವಿವರಿಸಬಹುದು. ಮುಖಬೆಲೆ 26 ಡಾಲರ್ ಇರುವ ಪುಸ್ತಕವನ್ನು ಮಾರಾಟಗಾರನು ಸರಿಸುಮಾರು ಅರ್ಧಬೆಲೆಗೆ, ಅಂದರೆ 13 ಡಾಲರಿಗೆ ಕೊಳ್ಳುತ್ತಾನೆ. ಆಮೇಲೆ ಯಾವ ಬೆಲೆಗೆ ಮಾರಿದರೂ ಅದು ಅವನ ಇಚ್ಛೆ. ಹೀಗೆ 13ಕ್ಕೆ ಕೊಂಡುದನ್ನು 9.99ಕ್ಕೆ ಮಾರಿ, ನಷ್ಟವನ್ನು ತಾನೇ ಹೊತ್ತು, ಅಮೆಜಾನ್ ಓದುಗರನ್ನು ತನ್ನ ಯಂತ್ರಕ್ಕೆ ಒಗ್ಗಿಸುತ್ತಿತ್ತು. ಪ್ರಕಾಶಕನಿಗೆ ಆ ಕ್ಷಣದಲ್ಲಿ ನಷ್ಟವಿರಲಿಲ್ಲ. ಆದರೆ ಪುಸ್ತಕವೆಂದರೆ ಹತ್ತು ಡಾಲರಿನ ಒಳಗಿನ ವಸ್ತು ಎಂಬ ಭಾವನೆ ಓದುಗನಲ್ಲಿ ಬೇರೂರಿದರೆ ಗಟ್ಟಿರಟ್ಟಿನ ಆವೃತ್ತಿ ಉಳಿಯದು ಎಂಬ ಭಯ ಅವನಿಗಿತ್ತು.

ಈ ಭಯಕ್ಕೆ ಪ್ರಕಾಶಕರು ಮೊದಲು ಕಂಡುಕೊಂಡ ಉತ್ತರವು ಮೂಡಿಯ ಕಾಲದ್ದೇ: ವಿಳಂಬ. ಸ್ಟೀಫನ್ ಕಿಂಗ್‌ನ ‘ಅಂಡರ್ ದ ಡೋಮ್’ ಕಾದಂಬರಿ 2009ರ ನವೆಂಬರ್ 10ರಂದು 35 ಡಾಲರ್ ಮುಖಬೆಲೆಯಲ್ಲಿ ಮುದ್ರಣದಲ್ಲಿ ಬಂತು. ಇ-ಪುಸ್ತಕವನ್ನು ಡಿಸೆಂಬರ್ 24ರವರೆಗೆ ತಡೆಹಿಡಿಯಲಾಯಿತು. ಇದೇ ಕಿಂಗ್‌ನ ‘ರೈಡಿಂಗ್ ದ ಬುಲೆಟ್’ ನೀಳ್ಗತೆಯು 2000ದ ಮಾರ್ಚ್‌ನಲ್ಲಿ ಮುದ್ರಣವೇ ಇಲ್ಲದೆ ಕೇವಲ ಇ-ಪುಸ್ತಕವಾಗಿ ಬಂದು ಮೊದಲ ದಿನವೇ ಸುಮಾರು ನಾಲ್ಕು ಲಕ್ಷ ಪ್ರತಿಗಳ ಬೇಡಿಕೆ ಕಂಡಿತ್ತೆಂಬುದನ್ನು ನೆನೆದರೆ, ಒಂಬತ್ತು ವರ್ಷಗಳಲ್ಲಿ ಗಾಳಿ ಎತ್ತ ತಿರುಗಿತ್ತೆಂಬುದು ತಿಳಿಯುತ್ತದೆ. 2009ರ ಡಿಸೆಂಬರಿನಲ್ಲಿ ಸೈಮನ್ ಅಂಡ್ ಶುಸ್ಟರ್ ಮತ್ತು ಹ್ಯಾಶೆಟ್ ಸಂಸ್ಥೆಗಳು ತಮ್ಮ ಹಲವು ಹೊಸ ಪುಸ್ತಕಗಳ ಇ-ಆವೃತ್ತಿಯನ್ನು ಕೆಲವು ತಿಂಗಳು ತಡಮಾಡುವುದಾಗಿ ಪ್ರಕಟಿಸಿದವು.

ಕೆಲವೇ ವಾರಗಳಲ್ಲಿ ಇನ್ನೊಂದು ದಾರಿ ತೆರೆಯಿತು. 2010ರ ಜನವರಿಯಲ್ಲಿ ಆಪಲ್ ಸಂಸ್ಥೆಯು ಐಪ್ಯಾಡ್ ಯಂತ್ರವನ್ನು ಪ್ರಕಟಿಸುತ್ತಲೇ ದೊಡ್ಡ ಪ್ರಕಾಶಕರೊಡನೆ ಹೊಸ ಒಪ್ಪಂದ ಮಾಡಿಕೊಂಡಿತು. ಬೆಲೆ ನಿಗದಿಪಡಿಸುವವನು ಪ್ರಕಾಶಕ. ಮಾರಾಟಗಾರನು ಕೇವಲ ಏಜೆಂಟ್, ಅವನಿಗೆ ಶೇಕಡ 30. ಹೊಸ ಪುಸ್ತಕಗಳ ಬೆಲೆ 12.99 ಮತ್ತು 14.99 ಡಾಲರಿನ ಮಟ್ಟಕ್ಕೆ ಏರಿತು. ಮ್ಯಾಕ್‌ಮಿಲನ್ ಸಂಸ್ಥೆಯು ಇದೇ ಷರತ್ತನ್ನು ಅಮೆಜಾನ್ ಮುಂದಿಟ್ಟಾಗ ಅಮೆಜಾನ್ ಕೆಲವು ದಿನ ಆ ಸಂಸ್ಥೆಯ ಪುಸ್ತಕಗಳ ಮಾರಾಟವನ್ನೇ ನಿಲ್ಲಿಸಿ, ಕೊನೆಗೆ ಮಣಿಯಿತು. ಇಲ್ಲೊಂದು ವಿಚಿತ್ರ ಲೆಕ್ಕವಿದೆ. ಹಿಂದಿನ ಪದ್ಧತಿಯಲ್ಲಿ ನಮ್ಮ ಉದಾಹರಣೆಯ ಪುಸ್ತಕಕ್ಕೆ ಪ್ರಕಾಶಕನಿಗೆ ದೊರೆಯುತ್ತಿದ್ದುದು 13 ಡಾಲರ್. ಹೊಸ ಪದ್ಧತಿಯಲ್ಲಿ 12.99ರ ಶೇಕಡ 70, ಅಂದರೆ ಸುಮಾರು 9 ಡಾಲರ್. ಪ್ರತಿಯೊಂದಕ್ಕೆ ಬರುವ ಆದಾಯವನ್ನು ಕಳೆದುಕೊಂಡಾದರೂ ಓದುಗನು ತೆರುವ ಬೆಲೆಯನ್ನು ಏರಿಸಲು ಪ್ರಕಾಶಕರು ಒಪ್ಪಿದರು. ಪುಸ್ತಕದ ಬೆಲೆಯೆಂಬುದು ವೆಚ್ಚದ ಮೊತ್ತವಷ್ಟೇ ಅಲ್ಲ, ಗೌರವದ ಸೂಚ್ಯಂಕವೂ ಆಗಿರುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ. ಬೆಲೆಯ ಹಿಡಿತ ಕೈಗೆ ಬಂದ ಮೇಲೆ ವಿಳಂಬದ ನೀತಿಯನ್ನು ಅವರು ಬಹುಮಟ್ಟಿಗೆ ಬಿಟ್ಟುಕೊಟ್ಟರು. ಮುದ್ರಿತ ಪ್ರತಿಯೂ ಇ-ಪ್ರತಿಯೂ ಒಂದೇ ದಿನ ಬರುವುದು ರೂಢಿಯಾಯಿತು.

ಅಮೆರಿಕದ ನ್ಯಾಯಾಂಗ ಇಲಾಖೆಯು ಈ ಒಪ್ಪಂದಗಳನ್ನು ಬೆಲೆ ಏರಿಸುವ ಒಳಸಂಚೆಂದು ಬಗೆದು 2012ರ ಏಪ್ರಿಲ್‌ನಲ್ಲಿ ಆಪಲ್ ಮತ್ತು ಐದು ಪ್ರಕಾಶಕ ಸಂಸ್ಥೆಗಳ ಮೇಲೆ ಮೊಕದ್ದಮೆ ಹೂಡಿತು. ಪ್ರಕಾಶಕರು ಒಬ್ಬೊಬ್ಬರಾಗಿ ರಾಜಿಯಾದರು. 2013ರ ಜುಲೈನಲ್ಲಿ ನ್ಯಾಯಾಧೀಶೆ ಡೆನಿಸ್ ಕೋಟ್ ಆಪಲ್ ವಿರುದ್ಧ ತೀರ್ಪಿತ್ತರು. 2016ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಮೇಲ್ಮನವಿಯನ್ನು ಸ್ವೀಕರಿಸಲು ನಿರಾಕರಿಸುವುದರೊಂದಿಗೆ ಪ್ರಕರಣ ಮುಗಿದು, ಆಪಲ್ 45 ಕೋಟಿ ಡಾಲರ್ ತೆರಬೇಕಾಯಿತು.

ವಿಳಂಬದಿಂದ ಮುದ್ರಿತ ಪ್ರತಿಯ ಮಾರಾಟ ನಿಜವಾಗಿ ಹೆಚ್ಚುತ್ತದೆಯೆ? ಇದನ್ನು ಪರೀಕ್ಷಿಸುವ ಅವಕಾಶವೊಂದು ತಾನಾಗಿ ಒದಗಿತು. 2010ರ ಏಪ್ರಿಲ್ ಮೊದಲಿನಿಂದ ಎರಡು ತಿಂಗಳು, ಒಪ್ಪಂದ ಕುದುರದ ಕಾರಣ, ಪ್ರಕಾಶಕನೊಬ್ಬನ ಹೊಸ ಪುಸ್ತಕಗಳು ಕಿಂಡಲ್‌ನಲ್ಲಿ ಮುದ್ರಣದೊಡನೆ ಬರಲಿಲ್ಲ. ಯು ಹು ಮತ್ತು ಮೈಕೆಲ್ ಸ್ಮಿತ್ ಎಂಬ ವಿದ್ವಾಂಸರು ಆ ಅವಧಿಯ ಮಾರಾಟವನ್ನು ಅಧ್ಯಯನ ಮಾಡಿದರು. ಮುದ್ರಿತ ಪ್ರತಿಗಳ ಮಾರಾಟದಲ್ಲಿ ಗಮನಾರ್ಹ ಏರಿಕೆ ಕಾಣಲಿಲ್ಲ. ತಡವಾಗಿ ಬಂದ ಇ-ಪುಸ್ತಕಗಳ ಮಾರಾಟ ಮಾತ್ರ ಬಹುವಾಗಿ ಕುಸಿದಿತ್ತು. ಕಾಯಿಸಲ್ಪಟ್ಟ ಓದುಗನು ಮುದ್ರಿತ ಪ್ರತಿಯ ಕಡೆಗೆ ಹೋಗಲಿಲ್ಲ. ಬೇರೊಂದು ಪುಸ್ತಕದ ಕಡೆಗೋ ಬೇರೊಂದು ವಿನೋದದ ಕಡೆಗೋ ಹೋದನು. 2019ರ ನವೆಂಬರಿನಲ್ಲಿ ಮ್ಯಾಕ್‌ಮಿಲನ್ ಸಂಸ್ಥೆ ಸಾರ್ವಜನಿಕ ಗ್ರಂಥಾಲಯಗಳಿಗೆ ಮೊದಲ ಎಂಟು ವಾರ ಒಂದೇ ಇ-ಪ್ರತಿ ಕೊಡುವ ನಿಯಮ ತಂದು, ಗ್ರಂಥಪಾಲಕರ ತೀವ್ರ ವಿರೋಧದ ನಡುವೆ 2020ರ ಮಾರ್ಚ್‌ನಲ್ಲಿ ಅದನ್ನು ಹಿಂತೆಗೆದುಕೊಂಡುದೂ ಇದೇ ಕಥೆಯ ಮುಂದುವರಿಕೆ.

ಮೂಡಬಿದಿರೆಯ ಓಲೆಗಳು

ತಡೆಹಿಡಿದ ಗ್ರಂಥಕ್ಕೆ ಏನಾಗುತ್ತದೆಂಬುದನ್ನು ತಿಳಿಯಲು ಜೈನ ವಿದ್ವತ್ತಿಗೆ ನ್ಯೂಯಾರ್ಕಿನವರೆಗೆ ಹೋಗಬೇಕಾಗಿಲ್ಲ. ಪುಷ್ಪದಂತ-ಭೂತಬಲಿಗಳ ‘ಷಟ್ಖಂಡಾಗಮ’ಕ್ಕೆ ವೀರಸೇನಾಚಾರ್ಯರು ರಚಿಸಿದ ‘ಧವಲಾ’ ಟೀಕೆ, ಗುಣಧರರ ‘ಕಸಾಯಪಾಹುಡ’ಕ್ಕೆ ವೀರಸೇನರು ಆರಂಭಿಸಿ ಜಿನಸೇನರು 837ರಲ್ಲಿ ಪೂರೈಸಿದ ‘ಜಯಧವಲಾ’, ‘ಮಹಾಧವಲ’ವೆಂದು ಪ್ರಸಿದ್ಧವಾದ ‘ಮಹಾಬಂಧ’ ಇವುಗಳ ಪ್ರಾಚೀನ ಓಲೆಪ್ರತಿಗಳು ಶತಮಾನಗಳ ಕಾಲ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯಲ್ಲಿ ಉಳಿದುಬಂದವು. ಅವು ಪೂಜೆಗೆ ಮತ್ತು ದರ್ಶನಕ್ಕೆ ಮೀಸಲಾಗಿದ್ದವು. ಅವುಗಳನ್ನು ರಕ್ಷಿಸಿದ ಮೂಡಬಿದಿರೆಯ ಪರಂಪರೆಗೆ ನಾವು ಸದಾ ಋಣಿಗಳು. ಆ ಎಚ್ಚರವಿಲ್ಲದಿದ್ದರೆ ದಿಗಂಬರ ಸಿದ್ಧಾಂತದ ಮೂಲವೇ ನಮಗಿರುತ್ತಿರಲಿಲ್ಲ. ಆದರೆ ರಕ್ಷಣೆಯೇ ಮುಂದೆ ತಡೆಯಾಗಿಯೂ ಪರಿಣಮಿಸಿತು.

ಮುಂಬಯಿಯ ಸೇಠ್ ಮಾಣಿಕಚಂದ್, ಸೊಲ್ಲಾಪುರದ ಹೀರಾಚಂದ್ ನೇಮಚಂದ್ ಮೊದಲಾದವರ ಪ್ರಯತ್ನದಿಂದ 1896ರ ಸುಮಾರಿಗೆ ಈ ಗ್ರಂಥಗಳ ಪ್ರತಿ ತೆಗೆಯುವ ಕಾರ್ಯ ಆರಂಭವಾಯಿತು. ಮೊದಲು ಬ್ರಹ್ಮಸೂರಿ ಶಾಸ್ತ್ರಿಗಳೂ ಅನಂತರ ಗಜಪತಿ ಉಪಾಧ್ಯಾಯರೂ ಅದರಲ್ಲಿ ತೊಡಗಿದರು. ಎಲ್ಲ ಗ್ರಂಥಗಳ ಪ್ರತಿ ಮುಗಿಯಲು ಕಾಲು ಶತಮಾನವೇ ಹಿಡಿಯಿತು. ಪ್ರತಿಗಳು ಮೂಡಬಿದಿರೆಯಿಂದ ಹೊರಗೆ ಹೋಗಕೂಡದೆಂಬುದು ಕಟ್ಟಳೆ. ಆದರೂ ಗಜಪತಿ ಉಪಾಧ್ಯಾಯರು ಪತ್ನಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿಕೊಂಡರು. ಅದು ಉತ್ತರದ ಸಹಾರನಪುರದ ಲಾಲಾ ಜಂಬೂಪ್ರಸಾದರ ಸಂಗ್ರಹ ಸೇರಿತು. ಅಲ್ಲಿ ಅದರಿಂದ ನಾಗರಿ ಪ್ರತಿ ಮಾಡಿದ ಸೀತಾರಾಮ ಶಾಸ್ತ್ರಿಗಳು ತಾವೂ ಒಂದು ಪ್ರತಿಯನ್ನು ಗುಟ್ಟಾಗಿ ಉಳಿಸಿಕೊಂಡರು. ಅಲ್ಲಿಂದ ಪ್ರತಿಯ ಪ್ರತಿಗಳು ಆರಾ, ಕಾರಂಜ ಮೊದಲಾದ ಕಡೆಗಳಿಗೆ ಹಬ್ಬಿದವು. ಈ ಪ್ರತಿಗಳನ್ನು ಆಧರಿಸಿ ಡಾ. ಹೀರಾಲಾಲ್ ಜೈನ್ ಅವರು 1939ರಲ್ಲಿ ಅಮರಾವತಿಯಿಂದ ಧವಲಾದ ಮೊದಲ ಸಂಪುಟವನ್ನು ಪ್ರಕಟಿಸಿದರು. ಭೇಲಸಾದ ಸೇಠ್ ಶಿತಾಬರಾಯ್ ಲಕ್ಷ್ಮೀಚಂದ್ರರ ದಾನದಿಂದ ಸ್ಥಾಪಿತವಾದ ನಿಧಿ ಅದರ ವೆಚ್ಚ ಹೊತ್ತಿತು. ನಮ್ಮ ಸದಲಗಾದವರಾದ ಡಾ. ಆ. ನೇ. ಉಪಾಧ್ಯೆ ಅವರೂ ಈ ಕಾರ್ಯದಲ್ಲಿ ನೆರವಾದರು. ಹದಿನಾರು ಸಂಪುಟಗಳು ಮುಗಿಯಲು ಸುಮಾರು ಎರಡು ದಶಕಗಳು ಬೇಕಾದವು.

ಗುಟ್ಟಿನ ಪ್ರತಿಗೆ ಒಂದು ಬೆಲೆಯೂ ಇದೆ. ಮೊದಲ ಸಂಪುಟದ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದ ಆಗ ಬಳಕೆಯಲ್ಲಿದ್ದ ಪ್ರತಿಗಳಲ್ಲಿ ಇರಲಿಲ್ಲ. ಅರ್ಥದ ದೃಷ್ಟಿಯಿಂದ ಅದು ಅಲ್ಲಿರಬೇಕೆಂದು ಸಂಪಾದಕರು ಊಹಿಸಿದರು. ಸ್ತ್ರೀಯರ ಗುಣಸ್ಥಾನಗಳ ಪ್ರಶ್ನೆಗೆ ಸಂಬಂಧಿಸಿದ ಆ ಒಂದು ಪದದ ಮೇಲೆ ವಿದ್ವಾಂಸರಲ್ಲಿ ದೀರ್ಘವಾದ ಬಿಸಿಚರ್ಚೆ ನಡೆಯಿತು. ಕೊನೆಗೆ ಮೂಡಬಿದಿರೆಯ ಓಲೆಗಳನ್ನೇ ನೋಡಿದಾಗ ಪದವು ಅಲ್ಲಿದೆಯೆಂಬುದು ಖಚಿತವಾಯಿತು. ಮೊದಲ ಸಂಪುಟಗಳು ಹೊರಬಂದ ಮೇಲೆ ಮೂಡಬಿದಿರೆಯವರು ಉದಾರವಾಗಿ ಓಲೆಗಳೊಡನೆ ಹೋಲಿಸಲು ಅವಕಾಶವಿತ್ತುದರಿಂದಲೇ ಮುಂದಿನ ಸಂಪುಟಗಳ ಪಾಠ ಶುದ್ಧವಾಯಿತು. ಪಠ್ಯವನ್ನು ತಡೆದಿಟ್ಟರೆ ಅದು ಓದುಗನನ್ನು ತಲುಪದೆ ಇರುವುದಿಲ್ಲ. ಕಳ್ಳದಾರಿಯಲ್ಲಿ, ತಪ್ಪುಗಳೊಡನೆ, ಒಡೆಯನಿಗೂ ಲಿಪಿಕಾರನಿಗೂ ಕೀರ್ತಿ ತಾರದ ರೀತಿಯಲ್ಲಿ ತಲುಪುತ್ತದೆ. ಇಂದು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುವ ಕನ್ನಡ ಪುಸ್ತಕಗಳ ಓರೆಕೋರೆ ಪಿಡಿಎಫ್‌ಗಳನ್ನು ಕಂಡಾಗ ಸಹಾರನಪುರದ ಪ್ರತಿಗಳು ನೆನಪಾಗದೆ ಇರವು. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು: ವೀರಸೇನರಿಗೆ ಗೌರವಧನದ ಹಂಗಿರಲಿಲ್ಲ, ಇಂದಿನ ಲೇಖಕನಿಗಿದೆ.

ಕನ್ನಡದ ಸ್ಥಿತಿ

ಕನ್ನಡದಲ್ಲಿ ಗಟ್ಟಿರಟ್ಟು-ಮೆದುರಟ್ಟುಗಳ ನಡುವಿನ ಕಾಲವನ್ನು ಮಾರುವ ಪದ್ಧತಿ ಎಂದೂ ಬಲವಾಗಿ ಬೇರೂರಲಿಲ್ಲ. ನಮ್ಮ ಪ್ರಕಾಶನವು ಬೇರೆ ಆಸರೆಗಳ ಮೇಲೆ ನಿಂತಿತು. ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯನ್ನು ಕಲ್ಲಚ್ಚಿನಲ್ಲಿ ಹೊರತಂದುದು ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅವರ ಧನಸಹಾಯದಿಂದ. ಗಳಗನಾಥರು ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯು ಓದುಗರಿಂದ ಮುಂಗಡ ಚಂದಾ ಪಡೆದು ಪುಸ್ತಕಗಳನ್ನು ಕೊಟ್ಟಿತು. ಅನಂತರದ ಕಾಲದಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಖರೀದಿ ದೊಡ್ಡ ಆಧಾರವಾಯಿತು. ಅಲ್ಲಿ ಬೆಲೆಯನ್ನು ಪುಟಗಳ ಲೆಕ್ಕದಲ್ಲಿ ಕಟ್ಟಲಾಗುತ್ತದೆ. ಮೂಡಿಯ ಗ್ರಂಥಾಲಯವು ಕಾದಂಬರಿಯನ್ನು ಮೂರು ಸಂಪುಟಗಳಾಗಿ ಹಿಗ್ಗಿಸಿದಂತೆ, ದೊಡ್ಡ ಖರೀದಿದಾರನೊಬ್ಬನ ನಿಯಮವು ಪುಸ್ತಕದ ಆಕಾರವನ್ನೂ ನಿರ್ಣಯಿಸಬಲ್ಲದೆಂಬುದನ್ನು ನಾವು ಇಲ್ಲಿ ನೆನೆಯಬೇಕು. ಕನ್ನಡದ ಎಷ್ಟೋ ಪುಸ್ತಕಗಳ ಮೊದಲ ಮುದ್ರಣ ಇಂದಿಗೂ ಸಾವಿರ ಪ್ರತಿಗಳನ್ನು ದಾಟುವುದಿಲ್ಲ. ಅತ್ತಿಮಬ್ಬೆ ಓಲೆಗರಿಯಲ್ಲಿ ಮುಟ್ಟಿದ ಸಂಖ್ಯೆಯದು.

ಕನ್ನಡದ ಇ-ಪುಸ್ತಕ ತಡವಾದುದು ಪ್ರಕಾಶಕರ ತಂತ್ರದಿಂದಲ್ಲ. 2016ರ ಡಿಸೆಂಬರಿನಲ್ಲಿ ಅಮೆಜಾನ್ ತನ್ನ ಕಿಂಡಲ್‌ಗೆ ಭಾರತೀಯ ಭಾಷೆಗಳನ್ನು ಸೇರಿಸಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಎಂಬ ಐದು ಭಾಷೆಗಳಿದ್ದವು, ಕನ್ನಡವಿರಲಿಲ್ಲ. ಅಲ್ಲಿ ಬಾಗಿಲು ಮುಚ್ಚಿದ್ದರಿಂದ ಗೂಗಲ್ ಪ್ಲೇ ಬುಕ್ಸ್‌ನಂತಹ ಬೇರೆ ವೇದಿಕೆಗಳೂ, 2020ರ ಸುಮಾರಿಗೆ ಆರಂಭವಾದ ಮೈಲ್ಯಾಂಗ್‌ನಂತಹ ಕನ್ನಡದವರದೇ ಪ್ರಯತ್ನಗಳೂ ಮುಖ್ಯವಾದವು. ತೆರಿಗೆಯ ನೀತಿಯೂ ಗಮನಾರ್ಹ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. 2018ರ ಜುಲೈನಲ್ಲಿ ಇ-ಪುಸ್ತಕದ ತೆರಿಗೆಯನ್ನು ಶೇಕಡ 18ರಿಂದ 5ಕ್ಕೆ ಇಳಿಸಿದಾಗ, ಮುದ್ರಿತ ರೂಪವಿರುವ ಇ-ಪುಸ್ತಕಗಳಿಗೆ ಮಾತ್ರ ಆ ರಿಯಾಯಿತಿ ಅನ್ವಯಿಸಿತು. ಕಾಗದದ ದೇಹವಿಲ್ಲದ ಗ್ರಂಥವನ್ನು ಗ್ರಂಥವೆಂದು ಒಪ್ಪಲು ಕಾನೂನಿಗೂ ಸಂಕೋಚ. ಬ್ರಿಟನ್ನಿನಲ್ಲಿ 2020ರ ಮೇ ತಿಂಗಳಿನಿಂದ ಇ-ಪುಸ್ತಕಕ್ಕೂ ಮುದ್ರಿತ ಪುಸ್ತಕದಂತೆಯೇ ಶೂನ್ಯ ತೆರಿಗೆ ಜಾರಿಗೆ ಬಂದುದನ್ನು ಇದರೊಡನೆ ಹೋಲಿಸಬಹುದು.

ದಾನವಾಗಲಾರದ ಗ್ರಂಥ

ಬೆಲೆ ಮತ್ತು ವೇಳೆಗಳಿಗಿಂತ ಗಂಭೀರವಾದ ಇನ್ನೊಂದು ಪ್ರಶ್ನೆಯಿದೆ. ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ವು ದಾನವನ್ನು ಲಕ್ಷಿಸುವಾಗ, ಅನುಗ್ರಹಕ್ಕಾಗಿ ತನ್ನದಾದುದನ್ನು ಬಿಟ್ಟುಕೊಡುವುದೆಂಬ ಅಭಿಪ್ರಾಯವನ್ನು ಮುಂದಿಡುತ್ತದೆ. ಕೊಡುವ ವಸ್ತು ಮೊದಲು ನನ್ನದಾಗಿರಬೇಕು. ಆದರೆ ನಾವು ಹಣ ತೆತ್ತು ಪಡೆಯುವ ಇ-ಪುಸ್ತಕ ಬಹುತೇಕ ವೇದಿಕೆಗಳಲ್ಲಿ ನಮ್ಮದಲ್ಲ. ಓದುವ ಪರವಾನಗಿ ಮಾತ್ರ ನಮ್ಮದು. 2009ರ ಜುಲೈನಲ್ಲಿ, ಹಕ್ಕಿಲ್ಲದವರು ಮಾರಿದ್ದರೆಂಬ ಕಾರಣಕ್ಕೆ, ಅಮೆಜಾನ್ ಸಂಸ್ಥೆಯು ಜಾರ್ಜ್ ಆರ್ವೆಲ್‌ನ ಎರಡು ಕೃತಿಗಳ ಪ್ರತಿಗಳನ್ನು ಓದುಗರ ಕಿಂಡಲ್‌ಗಳಿಂದಲೇ ಅಳಿಸಿಹಾಕಿತು. ಮನೆಯ ಕಪಾಟಿನಿಂದ ಪುಸ್ತಕವನ್ನು ಯಾರೂ ಹೀಗೆ ಒಯ್ಯಲಾರರು. ಅಂತಹ ಇ-ಪುಸ್ತಕವನ್ನು ಓದಿ ಮುಗಿಸಿದ ಮೇಲೆ ವಿದ್ಯಾರ್ಥಿಗೆ ಕೊಡಲಾಗದು, ಬಸದಿಯ ಭಂಡಾರಕ್ಕೆ ಅರ್ಪಿಸಲಾಗದು, ಮಕ್ಕಳಿಗೆ ಬಿಟ್ಟುಹೋಗಲಾಗದು. ಮುದ್ರಿತ ಪುಸ್ತಕದ ಬೆಲೆಯಲ್ಲಿ ಈ ಹಕ್ಕುಗಳೂ ಸೇರಿವೆ. ಇ-ಪುಸ್ತಕದ ಬೆಲೆ ಕಡಿಮೆಯಿರಬೇಕೆಂಬ ವಾದಕ್ಕೆ ಕಾಗದದ ಉಳಿತಾಯಕ್ಕಿಂತ ಬಲವಾದ ಆಧಾರ ಇದೇ: ಓದುಗನಿಗೆ ದೊರೆಯುವ ಹಕ್ಕು ಕಡಿಮೆ.

ಈ ಇತಿಹಾಸದಿಂದ ಕನ್ನಡ ಪ್ರಕಾಶನವು ತೆಗೆದುಕೊಳ್ಳಬಹುದಾದ ತಿಳಿವಳಿಕೆ ಮೂರು ಬಗೆಯದು. ಮೊದಲನೆಯದಾಗಿ, ಇ-ಪುಸ್ತಕವನ್ನು ಮುದ್ರಣದೊಡನೆಯೇ ಹೊರತರುವುದು ಲೇಸು. ದೂರದ ಊರಿನಲ್ಲಿ, ಹೊರನಾಡಿನಲ್ಲಿ, ಪುಸ್ತಕದಂಗಡಿಯೇ ಇಲ್ಲದ ತಾಲೂಕುಗಳಲ್ಲಿ ಇರುವ ಕನ್ನಡಿಗನು ಆರು ತಿಂಗಳು ಕಾದು ಆಮೇಲೆ ಕೊಳ್ಳುತ್ತಾನೆಂಬ ನಂಬಿಕೆಗೆ ಆಧಾರವಿಲ್ಲ. ಎರಡನೆಯದಾಗಿ, ಬೆಲೆ ಮುದ್ರಿತ ಪ್ರತಿಗಿಂತ ಗಣನೀಯವಾಗಿ ಕಡಿಮೆಯಿರಲಿ, ಆದರೆ ಜೀವಂತ ಲೇಖಕನ ಹೊಸ ಕೃತಿ ಪುಕ್ಕಟೆಯಾಗದಿರಲಿ. ಮೊದಲ ಪ್ರತಿಯ ಶ್ರಮಕ್ಕೆ ಯಾರಾದರೂ ತೆರಲೇಬೇಕು. ಮೂರನೆಯದು, ನಮ್ಮ ಪರಂಪರೆಗೆ ವಿಶೇಷವಾಗಿ ಸಲ್ಲುವ ಮಾತು. ಪ್ರಾಚೀನ ಕಾವ್ಯಗಳ, ಆಗಮಟೀಕೆಗಳ, ಶಾಸನಸಂಪುಟಗಳ ಸಂಪಾದಿತ ಆವೃತ್ತಿಗಳಿಗೆ ಮಾರುಕಟ್ಟೆ ಎಂದೂ ಸಾಲದು. ಅಲ್ಲಿ ದಾನಿಯು ಸಂಪಾದಕನ ಮತ್ತು ಪ್ರಕಾಶಕನ ವೆಚ್ಚವನ್ನು ಒಮ್ಮೆ ಪೂರ್ತಿಯಾಗಿ ತೆತ್ತು, ಶುದ್ಧಪಾಠದ ಇ-ಆವೃತ್ತಿಯನ್ನು ಎಲ್ಲರಿಗೂ ತೆರೆದಿಡುವ ಏರ್ಪಾಡು ಬೇಕು. ಜೈನ್ ಇ-ಲೈಬ್ರರಿಯಂತಹ ಜಾಲತಾಣಗಳು ಸಾವಿರಾರು ಗ್ರಂಥಗಳ ಪುಟಚಿತ್ರಗಳನ್ನು ಉಚಿತವಾಗಿ ಒದಗಿಸಿ ದಾರಿ ತೋರಿವೆ. ಆದರೆ ಪುಟಚಿತ್ರ ಬೇರೆ, ತಿದ್ದಿದ ಪಾಠ ಬೇರೆ. ‘ಸಂಜದ’ ಪದದ ಪ್ರಕರಣ ಆ ವ್ಯತ್ಯಾಸವನ್ನು ನಮಗೆ ಕಲಿಸಿದೆ.

ಇಂದು ನಮ್ಮ ಮನೆಗಳಲ್ಲಿ ಪಂಚಕಲ್ಯಾಣದ ನೆನಪಿಗೆ, ವ್ರತದ ಉದ್ಯಾಪನೆಗೆ, ಹಿರಿಯರ ಸ್ಮರಣೆಗೆ ಪುಸ್ತಕ ಮುದ್ರಿಸಿ ಹಂಚುವ ಪದ್ಧತಿ ಉಳಿದಿದೆ. ಆ ಪುಸ್ತಕಗಳಲ್ಲಿ ಹಲವು ಬಂದವರ ಕೈಚೀಲ ಸೇರಿ ಅಲ್ಲಿಗೇ ಮುಗಿಯುತ್ತವೆ. ಅದೇ ದ್ರವ್ಯದ ಒಂದು ಪಾಲಿನಿಂದ ಒಂದು ಹಳಗನ್ನಡ ಪುರಾಣದ ಶುದ್ಧ ಇ-ಪಾಠವು ಸಿದ್ಧವಾಗಬಹುದು. ಅತ್ತಿಮಬ್ಬೆಯ ದಾನದಲ್ಲಿ ಪ್ರತಿಗಳ ಸಂಖ್ಯೆಗೆ ಲಿಪಿಕಾರರ ಕೈಗಳು ಮಿತಿಯಾಗಿದ್ದವು. ನಮಗೆ ಆ ಮಿತಿಯಿಲ್ಲ. ಮೊದಲ ಪ್ರತಿಯನ್ನು ಸರಿಯಾಗಿ ಮಾಡಿಸುವ ಶ್ರದ್ಧೆಯೊಂದೇ ಉಳಿದಿರುವ ಕೆಲಸ. ಅದರ ವೆಚ್ಚವನ್ನು ಹೊರುವವರನ್ನು ಸಮಾಜವು ಈಗ ಹುಡುಕಬೇಕಾಗಿದೆ.